ಊದುಗಾಜಿನ ಕರಕುಶಲ: ಕುಲುಮೆಗಿಂತ ಮೊದಲು ಕೈ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಪೇಟೆಗಳಲ್ಲಿ ಗಾಜು ಮಾರಾಟವಾಗದ ದಿನವಿಲ್ಲ. ಬಳೆಯ ಅಂಗಡಿ, ಕನ್ನಡಿಯ ಅಂಗಡಿ, ಉಪ್ಪಿನಕಾಯಿಯ ಭರಣಿ, ಮದುವೆ ಮನೆಯ ದೀಪಾಲಂಕಾರ, ಲಂಬಾಣಿ ಮಹಿಳೆಯರ ಉಡುಪಿನ ಕನ್ನಡಿ ಚೂರು ಹೀಗೆ ಹಲವು ರೂಪಗಳಲ್ಲಿ ಅದು ನಮ್ಮ ವರ್ತಕರ ಕೈಯಿಂದ ಹಾದುಹೋಗುತ್ತದೆ. ಆದರೆ ಈ ಸರಕಿನ ಬಹುಪಾಲು ದೂರದ ಊರುಗಳಿಂದ ಬಂದುದು. ನಮಗೆ ಉಳಿಯುವುದು ಮಾರಾಟದ ಲಾಭಾಂಶ ಮಾತ್ರ. ತಯಾರಿಕೆಯ ಲಾಭ ಬೇರೆಯವರದು.

ಇತ್ತೀಚಿನ ವರ್ಷಗಳಲ್ಲಿ ಮಹಾನಗರಗಳ ಕಲಾ ಮಳಿಗೆಗಳಲ್ಲಿಯೂ ಹೋಟೆಲುಗಳ ಒಳಾಂಗಣದಲ್ಲಿಯೂ ಕೈಯಿಂದ ಊದಿ ತಯಾರಿಸಿದ ಗಾಜಿನ ವಸ್ತುಗಳಿಗೆ ಪ್ರತ್ಯೇಕ ಸ್ಥಾನ ದೊರೆತಿದೆ. ಯಂತ್ರದಲ್ಲಿ ತಯಾರಾದ ಹೂದಾನಿಗಿಂತ ಹಲವು ಪಟ್ಟು ಹೆಚ್ಚಿನ ಬೆಲೆ ಕೊಟ್ಟು ಅವನ್ನು ಕೊಳ್ಳುವವರಿದ್ದಾರೆ. ಇದನ್ನು ಕಂಡ ಯುವ ಉದ್ಯಮಿಗಳು ‘ನಮ್ಮ ಭಾಗದಲ್ಲಿಯೂ ಒಂದು ಕುಲುಮೆ ಹಾಕಬಹುದೇ?’ ಎಂದು ಕೇಳುವುದು ಸಹಜ. ಬಂಡವಾಳ ತೊಡಗಿಸುವ ಮೊದಲು ಈ ಕಸುಬಿನ ಪೂರ್ವವೃತ್ತಾಂತ, ವಿಧಾನ ಮತ್ತು ಖರ್ಚಿನ ಸ್ವರೂಪವನ್ನು ತಿಳಿಯುವುದು ಹಿತಕರ. ಗಾಜಿನ ಉದ್ಯಮದಲ್ಲಿ ಕೈಸುಟ್ಟುಕೊಂಡವರಲ್ಲಿ ಅನೇಕರು ಸರಕು ಕೆಟ್ಟದ್ದರಿಂದ ಸೋತವರಲ್ಲ. ಬೆಂಕಿಯ ಲೆಕ್ಕ ತಪ್ಪಿದ್ದರಿಂದ ಸೋತವರು.

ಮತ್ತೋಡಿನ ಪಾಠ

ಗಾಜು ತಯಾರಿಕೆ ಕನ್ನಡ ನಾಡಿಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಟಿಪ್ಪು ಸುಲ್ತಾನನ ಪತನಾನಂತರ 1800-01ರಲ್ಲಿ ಈ ಪ್ರಾಂತ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅಲ್ಲಿನ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿದ್ದಾನೆ. ಅವನ ಪ್ರವಾಸ ಗ್ರಂಥ 1807ರಲ್ಲಿ ಪ್ರಕಟವಾಯಿತು. ಕೋಟೆಯ ಗೋಡೆಗೆ ಒತ್ತಿ ಕಟ್ಟಿದ ಗುಮ್ಮಟಾಕಾರದ ಕುಲುಮೆಗಳಲ್ಲಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳ ಗಾಜು ತಯಾರಾಗುತ್ತಿತ್ತು. ಇವುಗಳಲ್ಲಿ ಕಪ್ಪು ಬಣ್ಣಕ್ಕೆ ಬೇಡಿಕೆ ಹೆಚ್ಚು. ಸುತ್ತಲಿನ ಸವುಳು ಮಣ್ಣಿನಿಂದ ಸೋಡಾ, ಬಿಳಿಯ ಬೆಣಚುಕಲ್ಲಿನ ಪುಡಿಯಿಂದ ಮರಳಿನಂಶ ಹೀಗೆ ಕಚ್ಚಾವಸ್ತುಗಳು ಸ್ಥಳೀಯವಾಗಿಯೇ ದೊರೆಯುತ್ತಿದ್ದವು.

ಕಚ್ಚಾವಸ್ತು ಮನೆಯ ಬಾಗಿಲಲ್ಲಿದ್ದರೂ ಆ ಉದ್ಯಮ ಉಳಿಯಲಿಲ್ಲ. ಹೊರಗಿನಿಂದ ತೆಳುವಾದ, ಹೊಳಪಿನ, ಅಗ್ಗದ ಬಳೆಗಳು ಪೇಟೆಗೆ ಬಂದಾಗ ಅಪಾರದರ್ಶಕವಾದ ದಪ್ಪ ಬಳೆ ಹಿಂದೆ ಸರಿಯಿತು. ಮುಂದೆ ಉತ್ತರ ಪ್ರದೇಶದ ಫಿರೋಜಾಬಾದ್ ದೇಶದ ಬಳೆಯ ಪೇಟೆಯನ್ನೇ ತನ್ನದಾಗಿಸಿಕೊಂಡಿತು. ಮಣ್ಣು ಮತ್ತು ಉರುವಲು ಸಮೀಪದಲ್ಲಿ ಸಿಗುತ್ತವೆ ಎಂಬ ಕಾರಣಕ್ಕೆ ಗಾಜಿನ ಉದ್ಯಮ ನಿಲ್ಲುವುದಿಲ್ಲ. ಕೊಳ್ಳುವವರ ಅಭಿರುಚಿ ಬದಲಾದಾಗ ಸರಕನ್ನೂ ಬದಲಿಸಬಲ್ಲ ಕೌಶಲವಿದ್ದರೆ ನಿಲ್ಲುತ್ತದೆ. ಮತ್ತೋಡು ಕಲಿಸುವ ಪಾಠ ಇದು.

ಪೈಸಾ ಫಂಡು ಮತ್ತು ಪ್ರಭಾಕರ ಕಂದೀಲು

ನಮ್ಮ ತಾಲೂಕುಗಳು ಮುಂಬಯಿ ಪ್ರಾಂತ್ಯದ ಆಡಳಿತ ವ್ಯಾಪ್ತಿಯಲ್ಲಿದ್ದ ಕಾಲದಲ್ಲಿ ಅದೇ ಪ್ರಾಂತ್ಯದಲ್ಲಿ ಗಾಜಿನ ಎರಡು ಮಹತ್ವದ ಪ್ರಯೋಗಗಳು ನಡೆದವು. ಸ್ವದೇಶಿ ಚಳವಳಿಯ ಹುಮ್ಮಸ್ಸಿನಲ್ಲಿ, ಪ್ರತಿಯೊಬ್ಬರಿಂದ ಒಂದೊಂದು ಪೈಸೆಯಂತೆ ಸಾರ್ವಜನಿಕ ವಂತಿಗೆ ಕೂಡಿಸಿ, ಪುಣೆಯ ಸಮೀಪದ ತಳೇಗಾಂವ್‌ನಲ್ಲಿ 1908ರಲ್ಲಿ ‘ಪೈಸಾ ಫಂಡ್’ ಗಾಜಿನ ಕಾರ್ಖಾನೆ ಆರಂಭವಾಯಿತು. ಅಂತಾಜಿ ದಾಮೋದರ ಕಾಳೆಯವರ ಈ ಕಲ್ಪನೆಗೆ ಲೋಕಮಾನ್ಯ ಟಿಳಕರ ಬೆಂಬಲವಿತ್ತು. ಅದು ಕಾರ್ಖಾನೆಯಷ್ಟೇ ಆಗಿರದೆ ಗಾಜಿನ ಕೆಲಸ ಕಲಿಸುವ ಶಾಲೆಯೂ ಆಗಿತ್ತು. ಅಲ್ಲಿ ಕಲಿತವರು ಮುಂದೆ ದೇಶದ ಬೇರೆ ಬೇರೆ ಗಾಜಿನ ಕಾರ್ಖಾನೆಗಳಲ್ಲಿ ದುಡಿದರು.

ಎರಡನೆಯದು ಸಾತಾರಾ ಜಿಲ್ಲೆಯ ಕರಾಡ್ ಬಳಿಯ ಓಗಲೆವಾಡಿಯಲ್ಲಿ 1916ರಲ್ಲಿ ಸ್ಥಾಪನೆಯಾದ ಓಗಲೆ ಗ್ಲಾಸ್ ವರ್ಕ್ಸ್. ಅದರ ‘ಪ್ರಭಾಕರ’ ಕಂದೀಲನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ವಿದ್ಯುದ್ದೀಪ ಹಳ್ಳಿಗಳಿಗೆ ಬಂದಂತೆ ಕಂದೀಲಿನ ಬೇಡಿಕೆ ಕುಗ್ಗಿತು. ಒಂದೇ ಸರಕನ್ನು ನೆಚ್ಚಿದ ಗಾಜಿನ ಕುಲುಮೆಗೆ ಕಾಲ ಬದಲಾದಾಗ ಒದಗುವ ಕಷ್ಟವನ್ನು ಇಲ್ಲಿಯೂ ಕಾಣಬಹುದು. ಆದರೂ ತಳೇಗಾಂವ್ ಪ್ರಯೋಗದ ಒಂದು ಅಂಶ ವಾಣಿಜ್ಯ ಸಂಸ್ಥೆಗಳು ಗಮನಿಸತಕ್ಕದ್ದು: ಅಲ್ಲಿ ಬಂಡವಾಳ ಸಾಮೂಹಿಕವಾಗಿತ್ತು, ಮತ್ತು ತಯಾರಿಕೆಯ ಜೊತೆಯಲ್ಲಿಯೇ ತರಬೇತಿ ನಡೆಯುತ್ತಿತ್ತು.

ಗಾಜು ಊದುವುದೆಂದರೆ

ಬಳೆಯ ಗಾಜನ್ನು ಊದುವುದಿಲ್ಲ. ಕಾದ ಗಾಜನ್ನು ಎಳೆದು, ಸುತ್ತಿ, ಬಳೆ ಮಾಡುತ್ತಾರೆ. ಹೂದಾನಿ, ಸೀಸೆ, ದೀಪದ ಬುರುಡೆ ಮೊದಲಾದ ಟೊಳ್ಳು ವಸ್ತುಗಳಿಗೆ ಊದುಗೊಳವೆ ಬೇಕು. ಈ ವಿಧಾನ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಸಿರಿಯಾ-ಪ್ಯಾಲೆಸ್ಟೈನ್ ಪ್ರದೇಶದಲ್ಲಿ ಕಂಡುಬಂದು ರೋಮನ್ ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿತು. ಇಷ್ಟು ಶತಮಾನಗಳಾದರೂ ಅದರ ಮೂಲ ಕ್ರಮ ಬದಲಾಗಿಲ್ಲ.

ಸಾಮಾನ್ಯ ಗಾಜಿನಲ್ಲಿ ಶೇಕಡಾ 70ರಿಂದ 75ರಷ್ಟು ಮರಳಿನ ಸಿಲಿಕಾ ಇರುತ್ತದೆ. ಅದು ಬೇಗ ಕರಗಲು ಸೋಡಾ ಬೂದಿಯನ್ನೂ, ನೀರಿಗೆ ಕರಗದಂತೆ ಗಟ್ಟಿಯಾಗಿ ನಿಲ್ಲಲು ಸುಣ್ಣದ ಕಲ್ಲನ್ನೂ ಸೇರಿಸುತ್ತಾರೆ. ಕೋಬಾಲ್ಟ್ ಬೆರೆಸಿದರೆ ನೀಲಿ, ಮ್ಯಾಂಗನೀಸ್‌ನಿಂದ ನೇರಳೆ, ಕಬ್ಬಿಣದಿಂದ ಹಸಿರು ಛಾಯೆ ಬರುತ್ತದೆ. ಚಿನ್ನದ ಅತ್ಯಲ್ಪ ಅಂಶ ಮಾಣಿಕ್ಯದ ಕೆಂಪು ಕೊಡುತ್ತದೆ.

ಊದುಗಾರನಿಗೆ ಮೂರು ಒಲೆಗಳು ಬೇಕು. ಮೊದಲನೆಯದು ಗಾಜನ್ನು ಕರಗಿಸಿ ಹಿಡಿದಿಡುವ ಕುಲುಮೆ. ಕೆಲಸದ ವೇಳೆಯಲ್ಲಿ ಅದರ ಶಾಖ ಸುಮಾರು 1100 ಡಿಗ್ರಿ ಸೆಲ್ಸಿಯಸ್. ಎರಡನೆಯದು ರೂಪ ಕೊಡುವಾಗ ಬಿಗಿಯಾಗತೊಡಗಿದ ಗಾಜನ್ನು ಮತ್ತೆ ಮತ್ತೆ ಕಾಯಿಸುವ ಒಲೆ. ಮೂರನೆಯದು ಸಿದ್ಧವಾದ ವಸ್ತುವನ್ನು ಸುಮಾರು 500 ಡಿಗ್ರಿಯಿಂದ ಗಂಟೆಗಟ್ಟಲೆ ನಿಧಾನವಾಗಿ ಆರಿಸುವ ಒಲೆ. ಈ ಮೂರನೆಯ ಹಂತವನ್ನು ಅವಸರಿಸಿದರೆ ಹೊರಮೈ ಮೊದಲು ಆರಿ ಒಳಮೈ ಬಿಸಿಯಾಗಿಯೇ ಉಳಿದು ಗಾಜಿನಲ್ಲಿ ಬಿಗುಪು ನಿಲ್ಲುತ್ತದೆ. ಅಂಥ ವಸ್ತು ಅಂಗಡಿಯ ಕಪಾಟಿನಲ್ಲಿದ್ದಾಗಲೇ, ಯಾರೂ ಮುಟ್ಟದಿದ್ದರೂ, ಸೀಳಬಹುದು.

ಗಾರೆಯವನಿಗೆ ಕರಣೆ ಇದ್ದಂತೆ ಊದುಗಾರನಿಗೆ ಉಪಕರಣಗಳು ಕೆಲವೇ: ಸುಮಾರು ಒಂದೂಕಾಲರಿಂದ ಒಂದೂವರೆ ಮೀಟರ್ ಉದ್ದದ ಟೊಳ್ಳು ಉಕ್ಕಿನ ಗೊಳವೆ, ವಸ್ತುವಿನ ತಳಕ್ಕೆ ಹಿಡಿಯುವ ಸರಳು, ದೊಡ್ಡ ಇಕ್ಕುಳ, ಕತ್ತರಿ, ನೀರಿನಲ್ಲಿ ನೆನೆಸಿದ ಮರದ ಬಟ್ಟಲು, ತೋಯಿಸಿ ಮಡಚಿದ ವರ್ತಮಾನ ಪತ್ರಿಕೆಯ ದಪ್ಪ ಹಾಳೆ. ಈ ಹಾಳೆಯನ್ನು ಅಂಗೈಯಲ್ಲಿಟ್ಟು ಕಾದ ಗಾಜಿನ ಮೈ ತೀಡುತ್ತಾರೆ. ಗೊಳವೆಯ ತುದಿಯಲ್ಲಿರುವ ಗಾಜು ಜೇನಿನಂತೆ ಇಳಿಯುವುದರಿಂದ ಅದನ್ನು ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ರೂಪ ವಾಲುತ್ತದೆ. ಉಸಿರಿನಷ್ಟೇ ಮಣಿಕಟ್ಟಿನ ಕೆಲಸವೂ ಇದರಲ್ಲಿ ಮುಖ್ಯ, ಮತ್ತು ಅದು ವರ್ಷಗಳ ಅಭ್ಯಾಸದಿಂದಲ್ಲದೆ ಒಲಿಯುವುದಿಲ್ಲ.

ಕಾರ್ಖಾನೆಯಿಂದ ಸ್ಟುಡಿಯೋಗೆ

ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಗಾಜು ಊದುವುದು ದೊಡ್ಡ ಕಾರ್ಖಾನೆಯ ಕೆಲಸವೆಂದೇ ಭಾವನೆಯಿತ್ತು. ವಿನ್ಯಾಸ ಒಬ್ಬರದು, ಊದುವವರು ಇನ್ನೊಬ್ಬರು. ಕಲಾವಿದ ತಾನೇ ಕುಲುಮೆಯ ಒಡೆಯನಾಗಬಹುದೆಂದು ತೋರಿಸಿದ ಘಟನೆ ನಡೆದುದು 1962ರಲ್ಲಿ, ಅಮೆರಿಕದ ಟೊಲೀಡೊ ನಗರದ ಕಲಾ ಸಂಗ್ರಹಾಲಯದ ಆವರಣದಲ್ಲಿ. ಕುಂಬಾರಿಕೆಯ ಅಧ್ಯಾಪಕ ಹಾರ್ವಿ ಲಿಟಲ್‌ಟನ್ ಅಲ್ಲಿ ಚಿಕ್ಕದೊಂದು ಕುಲುಮೆ ಕಟ್ಟಿ ಕಾರ್ಯಾಗಾರ ನಡೆಸಿದರು. ಮೊದಲ ಪಾಕ ಸರಿಯಾಗಿ ಕರಗಲಿಲ್ಲ. ಗಾಜಿನ ನಾರು ತಯಾರಿಸುವ ಕಂಪನಿಯ ತಂತ್ರಜ್ಞ ಡಾಮಿನಿಕ್ ಲಬೀನೊ, ತಮ್ಮ ಕಂಪನಿ ಕಚ್ಚಾವಸ್ತುವಾಗಿ ಬಳಸುತ್ತಿದ್ದ ಗಾಜಿನ ಗೋಲಿಗಳನ್ನೇ ಕರಗಿಸಲು ಸೂಚಿಸಿದರು. ಅದು ಫಲಿಸಿತು. ಆದರೆ ನೆರೆದ ಕಲಾವಿದರಿಗೆ ಊದಲು ಬರುತ್ತಿರಲಿಲ್ಲ. ಸ್ಥಳೀಯ ಲಿಬ್ಬಿ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಹಾರ್ವಿ ಲೀಫ್‌ಗ್ರೀನ್ ಎಂಬ ಊದುಗಾರರು ಗೊಳವೆ ಹಿಡಿದು ತೋರಿಸಿದ ಮೇಲೆಯೇ ಕೆಲಸ ಮುಂದುವರಿಯಿತು. ಅಧ್ಯಾಪಕನ ಹಂಬಲ, ತಂತ್ರಜ್ಞನ ತಿಳುವಳಿಕೆ, ನಿವೃತ್ತ ಕಾರ್ಮಿಕನ ಕೈ ಈ ಮೂರೂ ಕೂಡಿ ‘ಸ್ಟುಡಿಯೋ ಗಾಜು’ ಎಂಬ ಹೊಸ ಪಂಥ ಹುಟ್ಟಿತು.

ಲಿಟಲ್‌ಟನ್ ಅವರ ಶಿಷ್ಯ ಡೇಲ್ ಚಿಹುಲಿ 1971ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಪಿಲ್ಚಕ್ ಗಾಜಿನ ಶಾಲೆಯ ಸ್ಥಾಪನೆಯಲ್ಲಿ ಪಾಲ್ಗೊಂಡರು. 1976ರ ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿಯನ್ನೂ, 1979ರಲ್ಲಿ ಭುಜದ ಪೆಟ್ಟಿನಿಂದ ಗೊಳವೆ ಹಿಡಿಯುವ ಶಕ್ತಿಯನ್ನೂ ಕಳೆದುಕೊಂಡ ಅವರು, ನುರಿತ ಊದುಗಾರರ ತಂಡ ಕಟ್ಟಿ ಅವರ ಕೈಯಿಂದ ತಮ್ಮ ಕಲ್ಪನೆಯನ್ನು ಮೂಡಿಸಿ ಜಗದ್ವಿಖ್ಯಾತರಾದರು.

ಭಾರತದಲ್ಲಿಯೂ ಈ ಪಂಥಕ್ಕೆ ಬೇರು ಹಿಡಿದಿದೆ. ದೆಹಲಿಯ ಹೇಮಿ ಬಾವಾ ಮತ್ತು ಹೈದರಾಬಾದ್‌ನಲ್ಲಿ ಕೆಲಸ ಮಾಡಿದ ಶಿಶಿರ್ ಸಹಾನಾ ಎರಕದ ಗಾಜಿನ ಶಿಲ್ಪಗಳಿಗೆ ಹೆಸರಾದವರು. ರೇಶ್ಮಿ ಡೇ ಅವರು ದೆಹಲಿ ಪರಿಸರದಲ್ಲಿ ಸ್ಥಾಪಿಸಿದ ‘ಗ್ಲಾಸ್ ಸೂತ್ರ’ ಸ್ಟುಡಿಯೋ ಊದುಗಾಜಿನ ತಯಾರಿಕೆಯ ಜೊತೆಗೆ ಆಸಕ್ತರಿಗೆ ಕಾರ್ಯಾಗಾರಗಳನ್ನೂ ನಡೆಸುತ್ತ ಬಂದಿದೆ. ವರ್ತಕರು ಗಮನಿಸಬೇಕಾದುದೆಂದರೆ, ಇಂಥ ಸ್ಟುಡಿಯೋಗಳು ವಸ್ತುವಿನ ಜೊತೆಗೆ ಅದನ್ನು ತಯಾರಿಸುವ ದೃಶ್ಯವನ್ನೂ ಕಲಿಕೆಯನ್ನೂ ಮಾರಾಟ ಮಾಡುತ್ತವೆ. ವಿಶ್ವಸಂಸ್ಥೆಯು 2022ನ್ನು ಅಂತರರಾಷ್ಟ್ರೀಯ ಗಾಜಿನ ವರ್ಷವೆಂದು ಘೋಷಿಸಿದ್ದೂ ಈ ಆಸಕ್ತಿಗೆ ಇಂಬು ಕೊಟ್ಟಿತು.

ಬೆಂಕಿಯ ಲೆಕ್ಕ

ಇನ್ನು ಖರ್ಚಿನ ವಿಚಾರ. ಗಾಜಿನ ಕುಲುಮೆಯನ್ನು ಗಿರಣಿಯಂತೆ ಸಂಜೆ ಬಂದ್ ಮಾಡಿ ಬೆಳಿಗ್ಗೆ ಚಾಲೂ ಮಾಡಲು ಬರುವುದಿಲ್ಲ. ಆರಿಸಿದರೆ ಒಳಗಿನ ಗಾಜು ಹೆಪ್ಪುಗಟ್ಟಿ ಮೂಸೆ ಸೀಳುತ್ತದೆ. ಮತ್ತೆ ಕಾಯಿಸಲು ದಿನಗಳೇ ಬೇಕು. ಆದ್ದರಿಂದ ಗಿರಾಕಿ ಇರಲಿ ಇಲ್ಲದಿರಲಿ ಅದು ಹಗಲಿರುಳು ಉರಿಯಬೇಕು. ಉದಾಹರಣೆಗೆ, ಗಂಟೆಗೆ ಎರಡು ಕಿಲೋ ಅನಿಲ ಬಳಸುವ ಚಿಕ್ಕ ಕುಲುಮೆ ಎಂದು ಇಟ್ಟುಕೊಳ್ಳೋಣ. ದಿನಕ್ಕೆ 48 ಕಿಲೋ, ತಿಂಗಳಿಗೆ 1,440 ಕಿಲೋ ಆಯಿತು. ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ ಇದು ಸುಮಾರು 76 ಸಿಲಿಂಡರು. ಮತ್ತೆ ಕಾಯಿಸುವ ಒಲೆ, ಆರಿಸುವ ಒಲೆಗಳ ಖರ್ಚು ಬೇರೆ. ಒಂದು ವಾರ ಮಾರಾಟ ನಿಂತರೂ ಈ ಖರ್ಚು ನಿಲ್ಲದು.

ಉರುವಲು ಈ ಉದ್ಯಮದ ಹಣೆಬರಹವನ್ನೇ ಬದಲಿಸಿದ ಎರಡು ನಿದರ್ಶನಗಳಿವೆ. ತಾಜಮಹಲಿನ ರಕ್ಷಣೆಗಾಗಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 30ರಂದು ನೀಡಿದ ತೀರ್ಪು ಆ ವಲಯದ ಕೈಗಾರಿಕೆಗಳಲ್ಲಿ ಕಲ್ಲಿದ್ದಲಿನ ಬಳಕೆಯನ್ನು ತಡೆಯಿತು. ಅದೇ ವಲಯದಲ್ಲಿದ್ದ ಫಿರೋಜಾಬಾದ್‌ನ ಗಾಜಿನ ಕುಲುಮೆಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕಾಯಿತು. ಇಟಲಿಯ ಮುರಾನೊ ದ್ವೀಪದಲ್ಲಿ, 1291ರಲ್ಲಿ ವೆನಿಸ್ ಆಡಳಿತ ತನ್ನ ಕುಲುಮೆಗಳನ್ನೆಲ್ಲ ಅಲ್ಲಿಗೆ ಸ್ಥಳಾಂತರಿಸಿದಂದಿನಿಂದ ಗಾಜಿನ ಕಸುಬು ನಡೆದುಬಂದಿದೆ. 2021-22ರಲ್ಲಿ ಯುರೋಪಿನ ಅನಿಲದ ಬೆಲೆ ಗಗನಕ್ಕೇರಿದಾಗ ಅಲ್ಲಿನ ಅನೇಕ ಕುಲುಮೆಗಳು ತಾತ್ಕಾಲಿಕವಾಗಿ ನಿಂತವು. ಏಳು ಶತಮಾನಗಳ ಹೆಸರಿದ್ದವರಿಗೇ ಈ ಗತಿಯಾದರೆ ಹೊಸಬರು ಎಷ್ಟು ಎಚ್ಚರ ವಹಿಸಬೇಕೆಂಬುದನ್ನು ಹೇಳಬೇಕಾಗಿಲ್ಲ.

ಒಡೆತದ ಲೆಕ್ಕವನ್ನೂ ಮರೆಯಬಾರದು. ಹತ್ತು ವಸ್ತುಗಳಿಗೆ 2,000 ರೂಪಾಯಿ ಖರ್ಚಾಗಿ ಮೂರು ಒಡೆದರೆ, ಉಳಿದ ಪ್ರತಿಯೊಂದರ ಅಸಲು 200 ರೂಪಾಯಿ ಅಲ್ಲ, ಸುಮಾರು 286 ರೂಪಾಯಿ. ಕಲಿಯುವವರ ಕೈಯಲ್ಲಿ ಒಡೆತ ಇನ್ನೂ ಹೆಚ್ಚು. ಸಾಗಾಣಿಕೆಯಲ್ಲಿ ಒಡೆಯುವುದು ಪ್ರತ್ಯೇಕ.

ನಮ್ಮ ಭಾಗಕ್ಕೆ ಹೊಂದುವ ದಾರಿ

ಹಾಗಾದರೆ ಕೈಕಟ್ಟಿ ಕೂಡಬೇಕೇ? ಬೇಕಾಗಿಲ್ಲ. ಕುಲುಮೆಯಿಲ್ಲದೆ ಗಾಜಿನ ಕೆಲಸ ಮಾಡುವ ಮಾರ್ಗವೊಂದಿದೆ. ಮೇಜಿನ ಮೇಲಿಟ್ಟ ಬರ್ನರಿನ ಜ್ವಾಲೆಯಲ್ಲಿ ಸಿದ್ಧ ಗಾಜಿನ ಕಡ್ಡಿ ಅಥವಾ ಕೊಳವೆಯನ್ನು ಕಾಯಿಸಿ, ಬಾಗಿಸಿ, ಊದಿ ರೂಪ ಕೊಡುವುದು ಆ ಮಾರ್ಗ. ಪ್ರಯೋಗಶಾಲೆಯ ಗಾಜಿನ ಉಪಕರಣಗಳು ತಯಾರಾಗುವುದು ಹೀಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ಗಾಜು ಊದುವ ವಿಭಾಗವಿದೆ. ಇಲ್ಲಿ ಕೆಲಸಗಾರ ಕುಳಿತಾಗ ಬೆಂಕಿ ಹೊತ್ತುತ್ತದೆ, ಎದ್ದಾಗ ಆರುತ್ತದೆ. ಉರುವಲಿನ ಖರ್ಚು ಉತ್ಪಾದನೆಗೆ ತಕ್ಕಂತೆ ನಡೆಯುತ್ತದೆ. ಮಣಿ, ಗುಂಡಿ, ಕಿವಿಯ ಆಭರಣ, ಅತ್ತರಿನ ಪುಟ್ಟ ಸೀಸೆ, ದೇವರ ಮನೆಯ ದೀಪ ಮೊದಲಾದ ಸಣ್ಣ ವಸ್ತುಗಳನ್ನು ಹೀಗೆ ತಯಾರಿಸಬಹುದು. ಇವು ಹಗುರಾಗಿರುವುದರಿಂದ ಅಂಚೆಯಲ್ಲಿ ಕಳಿಸುವುದೂ ಸುಲಭ.

ಸಣ್ಣ ಸರಕನ್ನು ಹೀನೈಸಬೇಕಾಗಿಲ್ಲ. ಆಂಧ್ರ ಪ್ರದೇಶದ ಶ್ರೀಕಾಳಹಸ್ತಿ ಬಳಿಯ ಪಾಪನಾಯುಡುಪೇಟೆಯಲ್ಲಿ ಗಾಜಿನ ಕೊಳವೆಯನ್ನು ಉದ್ದಕ್ಕೆ ಎಳೆದು ಕತ್ತರಿಸಿ ಮಣಿ ಮಾಡುವ ಕಸುಬು ಇಪ್ಪತ್ತನೆಯ ಶತಮಾನದಲ್ಲಿಯೂ ಜೀವಂತವಾಗಿತ್ತು. ಪ್ರಾಚೀನ ಬಂದರು ಅರಿಕಮೇಡಿನಿಂದ ಹಡಗು ಹತ್ತುತ್ತಿದ್ದ ಮಣಿಗಳ ತಯಾರಿಕೆಯೂ ಇದೇ ಬಗೆಯದೆಂದು ವಿದ್ವಾಂಸರು ಗುರುತಿಸಿದ್ದಾರೆ. ಸಣ್ಣ ಮಣಿಯೇ ಎರಡು ಸಾವಿರ ವರ್ಷ ವ್ಯಾಪಾರ ನಡೆಸಿದೆ.

ನಮ್ಮ ತಾಲೂಕುಗಳಿಗೆ ಇನ್ನೂ ಹತ್ತಿರದ ಸರಕು ಲಂಬಾಣಿ ಕಸೂತಿಯ ಕನ್ನಡಿ. ತಾಂಡಾಗಳ ಮಹಿಳೆಯರ ಫೇಟಿಯಾ, ಕಾಂಚಳಿಗಳಿಗೆ ಹೊಲಿಯುವ ಸಾಂಪ್ರದಾಯಿಕ ಕನ್ನಡಿ ಚೂರು ಮೂಲತಃ ಊದುಗಾಜಿನದೇ. ಗುಜರಾತಿನ ಖೇಡಾ ಜಿಲ್ಲೆಯ ಕಪಡವಂಜ್ ಇದಕ್ಕೆ ಹೆಸರಾದ ಊರು. ಗಾಜನ್ನು ತೆಳುವಾದ ದೊಡ್ಡ ಬುರುಡೆಯಾಗಿ ಊದಿ, ಒಳಮೈಗೆ ಪಾದರಸದಂಥ ಹೊಳಪು ಬರುವ ಲೇಪ ಕೊಟ್ಟು, ಒಡೆದು, ಚೂರುಗಳನ್ನು ದುಂಡಗೆ ಕತ್ತರಿಸುತ್ತಾರೆ. ಬುರುಡೆಯಿಂದ ಬಂದ ಚೂರಿಗೆ ಸಣ್ಣ ಉಬ್ಬು ಇರುವುದರಿಂದ ಬೆಳಕು ನಾನಾ ದಿಕ್ಕಿಗೆ ಚಿಮ್ಮುತ್ತದೆ. ತೆಳುವಾದ್ದರಿಂದ ಬಟ್ಟೆಗೆ ಭಾರವಾಗುವುದಿಲ್ಲ. ಯಂತ್ರದಲ್ಲಿ ಕತ್ತರಿಸಿದ ಚಪ್ಪಟೆ ಕನ್ನಡಿ ಮತ್ತು ಪ್ಲಾಸ್ಟಿಕ್ ಬಿಲ್ಲೆಗಳು ಇಂದು ಪೇಟೆಯನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಆದರೂ ಅಸಲಿ ಕಸೂತಿಗೆ ಬೆಲೆ ಇದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ನಮ್ಮ ತಾಂಡಾಗಳ ಕಸೂತಿಗೆ ಕೈಯಿಂದ ಮಾಡಿದ ಮಣಿ, ಗುಂಡಿಗಳನ್ನು ಜೋಡಿಸಿ ಕೈಚೀಲ, ದಿಂಬಿನ ಹೊದಿಕೆ, ಗೋಡೆಯ ತೂಗು ತಯಾರಿಸಿದರೆ ಎರಡು ಕೈಗಳ ಕೌಶಲ ಒಂದೇ ವಸ್ತುವಿನಲ್ಲಿ ಕೂಡುತ್ತದೆ, ಪೈಪೋಟಿಯೂ ಕಡಿಮೆ.

ಮಾರಾಟಕ್ಕೆ ಸ್ಥಳವೂ ಇದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿಯ ಬದಿಗೆ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಇದೆ. ಅದೇ ಊರಿನಲ್ಲಿ 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನೋಡಲು ಬರುವವರಿದ್ದಾರೆ. ಕಲೆಯನ್ನು ನೋಡಲೆಂದೇ ಹಣ ಕೊಟ್ಟು ಬರುವ ಪ್ರವಾಸಿಗನ ಕಣ್ಣೆದುರು ಜ್ವಾಲೆಯಲ್ಲಿ ಮಣಿಯೊಂದು ಅರಳಿದರೆ, ಅದನ್ನು ಕೊಳ್ಳದೆ ಹೋಗುವವರು ವಿರಳ.

ಹೆಸರಿನ ಬೆಲೆಯನ್ನು ನಮ್ಮ ಜಿಲ್ಲೆಯವರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. ಮುರಾನೊದ ಗಾಜಿಗೂ ಅಲ್ಲಿನ ಪ್ರಾಂತೀಯ ಸರ್ಕಾರ 1994ರ ಕಾನೂನಿನ ಮೂಲಕ ಪ್ರತ್ಯೇಕ ಗುರುತು ಕೊಟ್ಟು ನಕಲಿಯಿಂದ ರಕ್ಷಣೆ ಒದಗಿಸಿತು. ಮೊದಲ ದಿನದಿಂದಲೇ ತಯಾರಕರ ಗುರುತು, ಸರಕಿನ ದರ್ಜೆ, ಒಡೆದರೆ ಬದಲಿ ಕೊಡುವ ನಿಯಮ ಇವುಗಳನ್ನು ಪಾಲಿಸಿದವರಿಗೆ ಹೆಸರು ತಾನಾಗಿ ಬರುತ್ತದೆ.

ಆರಂಭಿಸುವವರ ಗಮನಕ್ಕೆ

ಒಂದು ವಸ್ತುವಿನಲ್ಲಿ ಎರಡು ಜಾತಿಯ ಗಾಜು ಬೆರೆಸಬಾರದು. ಕಾದಾಗ ಹಿಗ್ಗುವ ಪ್ರಮಾಣ ಬೇರೆಯಾದರೆ ಆರುವಾಗ ಸೀಳುವುದು ಖಂಡಿತ. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜು ಸಾಮಾನ್ಯ ಗಾಜಿನ ಸುಮಾರು ಮೂರನೆಯ ಒಂದು ಭಾಗದಷ್ಟು ಮಾತ್ರ ಹಿಗ್ಗುತ್ತದೆ. ಆದ್ದರಿಂದ ಅದು ಶಾಖ ತಾಳುತ್ತದೆ, ಆದರೆ ಅದನ್ನು ಮೆದುಗೊಳಿಸಲು ಆಮ್ಲಜನಕ ಬೆರೆಸಿದ ಜ್ವಾಲೆ ಬೇಕು. ಕಾದ ಗಾಜಿನಿಂದ ಹೊಮ್ಮುವ ಸೋಡಿಯಂನ ಹಳದಿ ಬೆಳಕಿಗೆ ಡಿಡಿಮಿಯಂ ಕನ್ನಡಕ, ಗಾಳಿ ಹೊರಹೋಗುವ ವ್ಯವಸ್ಥೆ, ಸಿಲಿಂಡರಿಗೆ ಹಿಮ್ಮುಖ ಜ್ವಾಲೆ ತಡೆಯುವ ಸಾಧನ, ನೂಲಿನ ಉಡುಪು ಇವು ಕಡ್ಡಾಯ. ಸಿಲಿಕಾದ ಪುಡಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಮರಳಿನಿಂದ ಗಾಜು ಮಾಡುವ ಸಾಹಸಕ್ಕೆ ಹೋಗದೆ ಸಿದ್ಧ ಗಾಜನ್ನೇ ತರಿಸುವುದು ಮೇಲು. ಆರಿಸುವ ಚಿಕ್ಕ ವಿದ್ಯುತ್ ಒಲೆಯ ಖರ್ಚನ್ನು ಮಾತ್ರ ಉಳಿಸಲು ಹೋಗಬಾರದು.

ತರಬೇತಿಗೆ ಫಿರೋಜಾಬಾದ್‌ನ ಗಾಜು ಉದ್ಯಮ ಅಭಿವೃದ್ಧಿ ಕೇಂದ್ರ, ತಾಂತ್ರಿಕ ಸಲಹೆಗೆ ಕೋಲ್ಕತ್ತಾದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆ, ವಿನ್ಯಾಸಕ್ಕೆ ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾಜು ಊದುವುದು ಸೇರಿಲ್ಲ. ಆ ನೆರವನ್ನು ನೆಚ್ಚಿ ಯೋಜನೆ ಹಾಕಬಾರದು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕಾ ಘಟಕದ ಯೋಜನಾ ವೆಚ್ಚದ ಮಿತಿಯನ್ನು 2022ರಲ್ಲಿ 25 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿಸಲಾಯಿತು; ಅರ್ಜಿ ಹಾಕುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸದ್ಯದ ನಿಯಮ ವಿಚಾರಿಸಬೇಕು. ತೆರಿಗೆಯಲ್ಲಿ ಗಾಜಿನ ಬಳೆಗೂ ಗಾಜಿನ ಕಲಾವಸ್ತುವಿಗೂ ವ್ಯತ್ಯಾಸವಿದೆ. ಸಾದಾ ಗಾಜಿನ ಬಳೆಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದ್ದು, ಉಳಿದ ವಸ್ತುಗಳ ವರ್ಗೀಕರಣವನ್ನು ತೆರಿಗೆ ಸಲಹೆಗಾರರಿಂದ ತಿಳಿದುಕೊಳ್ಳುವುದು ಒಳಿತು.

ಒಬ್ಬನೇ ಉದ್ಯಮಿ ಇಷ್ಟೆಲ್ಲ ಭಾರ ಹೊರುವುದು ಕಷ್ಟ. ನಾಲ್ಕು ತಾಲೂಕುಗಳ ವರ್ತಕರು ತಲಾ ಸ್ವಲ್ಪ ವಂತಿಗೆ ಕೂಡಿಸಿ, ಆಸಕ್ತಿಯುಳ್ಳ ನಾಲ್ಕೈದು ಯುವಕ ಯುವತಿಯರನ್ನು ಒಂದು ವರ್ಷದ ಮಟ್ಟಿಗೆ ತರಬೇತಿಗೆ ಕಳಿಸಬಹುದು. ಅವರು ಮರಳಿದ ಮೇಲೆ ಎರಡು ಮೂರು ಬರ್ನರುಗಳ ಒಂದು ಸಾಮೂಹಿಕ ಕಾರ್ಯಶಾಲೆ ತೆರೆದು, ಅವರು ತಯಾರಿಸಿದ ಸರಕನ್ನು ಮೊದಲ ಎರಡು ವರ್ಷ ನಮ್ಮ ಅಂಗಡಿಗಳಲ್ಲಿಯೇ ಇಟ್ಟು ಪೇಟೆಯ ನಾಡಿ ಹಿಡಿಯಬಹುದು. ಮಾರಾಟ ಸ್ಥಿರವಾಗಿ, ಒಡೆತ ಹತೋಟಿಗೆ ಬಂದು, ದೊಡ್ಡ ವಸ್ತುಗಳಿಗೆ ಮುಂಗಡ ಆರ್ಡರು ಬರತೊಡಗಿದರೆ ಆಗ ಕುಲುಮೆಯ ಮಾತು ಎತ್ತಬಹುದು. ಹಾಗೆ ಬಾರದಿದ್ದರೆ ನಷ್ಟ ಒಂದು ವರ್ಷದ ತರಬೇತಿಯ ವೆಚ್ಚಕ್ಕೆ ಮತ್ತು ಕೆಲವು ಬರ್ನರುಗಳಿಗೆ ಸೀಮಿತವಾಗುತ್ತದೆ. ಕಲಿತ ಕೈಗಳು ಮಾತ್ರ ಉಳಿದೇ ಉಳಿಯುತ್ತವೆ. ಈ ಬಗ್ಗೆ ಆಸಕ್ತ ಸದಸ್ಯರು ಮುಂದಿನ ಸಭೆಯಲ್ಲಿ ವಿಚಾರ ವಿನಿಮಯ ನಡೆಸುವುದು ಸೂಕ್ತ.